ಕೊಕೊಪೀಟ್‌ನಲ್ಲಿ ಟೊಮೆಟೊ: ಯಾವ ಪೋಷಕಾಂಶ ಆರಿಸಲಿ?

ಕುಂಡದ ತೋಟ:

ನಮಸ್ಕಾರ. ಮಣ್ಣಿಲ್ಲದೆ ಬರೀ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಟೊಮೆಟೊ ಬೆಳೆಯುವುದು ನನಗೆ ಇದೇ ಮೊದಲು. 5 ಕೆಜಿಯ ಒಂದು ಬ್ಲಾಕ್ ನೆನೆಸಿ, ಒಂದು ಸಲ ತೊಳೆದು, ಆರು ಕುಂಡಗಳಿಗೆ ತುಂಬಿದೆ. ಒಂದೊಂದರಲ್ಲೂ ಸುಮಾರು 12 ಲೀಟರ್ ಪೀಟ್ ಇದೆ. ಸಸಿ ನೆಟ್ಟು ಇವತ್ತಿಗೆ 48 ದಿನ.

ಇಲ್ಲಿಯವರೆಗೆ ಕೊಟ್ಟಿದ್ದು 19 ಆಲ್ ಮಾತ್ರ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇಕಡಾ 19 ಇರುವ ಗೊಬ್ಬರ. ಲೀಟರಿಗೆ 2 ಗ್ರಾಂ, ವಾರಕ್ಕೆ ಎರಡು ಸಲ. ಉಳಿದ ದಿನ ಬರೀ ನೀರು, ಅದೂ ಆರ್‌ಓ ನೀರು. ಮೊದಲ ಮೂರು ವಾರ ಗಿಡಗಳನ್ನು ನೋಡುವುದೇ ಖುಷಿಯಾಗಿತ್ತು. ಈಗ ಕೆಳಗಿನ ಎಲೆಗಳಲ್ಲಿ ನರಗಳು ಹಸಿರಾಗಿಯೇ ಇವೆ, ನಡುವಿನ ಜಾಗವೆಲ್ಲ ಹಳದಿ. ಮೊದಲ ಗೊಂಚಲಿನಲ್ಲಿ ನಾಲ್ಕು ಕಾಯಿಗಳ ತಳ ಕಪ್ಪಾಗಿ ಒಳಕ್ಕೆ ಕುಸಿದಿದೆ. ಮುಟ್ಟಿದರೆ ಚರ್ಮದ ಹಾಗೆ ಗಟ್ಟಿ. ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡುತ್ತೇನೆ, ಮನಸ್ಸಿಗೆ ಕಷ್ಟವಾಗುತ್ತದೆ.

ಮೂರು ದಾರಿ ಯೋಚಿಸಿದ್ದೇನೆ. ಒಂದು, ಎ ಮತ್ತು ಬಿ ಎಂದು ಎರಡು ಬಾಟಲಿಯಲ್ಲಿ ಬರುವ ಹೈಡ್ರೊಪೋನಿಕ್ ಪೋಷಕಾಂಶ. ಎರಡು, 19 ಆಲ್ ಮುಂದುವರಿಸಿ ಜೊತೆಗೆ ಕ್ಯಾಲ್ಸಿಯಂ-ಮೆಗ್ನೀಸಿಯಂ ದ್ರವ ಸೇರಿಸುವುದು. ಮೂರು, ಸಮುದ್ರ ಪಾಚಿಯ ದ್ರವ ಮತ್ತು ಎರೆಜಲ. ಯಾವುದು ಸರಿ? ಬಿಡಿ ಬಿಡಿ ಗೊಬ್ಬರ ತಂದು ನಾನೇ ಬೆರೆಸಬಹುದು ಅಂತಲೂ ಕೇಳಿದ್ದೇನೆ, ಆದರೆ ಲೆಕ್ಕ ತಪ್ಪಿದರೆ ಎಂಬ ಭಯ.

ಎರೆಹುಳು ಗೆಳೆಯ:

ಎರೆಜಲ ಕೊಡಿ. ಒಂದಕ್ಕೆ ಹತ್ತು ನೀರು ಸೇರಿಸಿ ವಾರಕ್ಕೆರಡು ಸಲ ಬುಡಕ್ಕೆ ಹಾಕಿ. ನನ್ನ ತೋಟ ಪೂರ್ತಿ ಇದರಲ್ಲೇ ನಡೆಯುತ್ತದೆ. ರಾಸಾಯನಿಕ ಜಾಸ್ತಿಯಾಗಿಯೇ ಎಲೆ ಹಳದಿಯಾಗಿದೆ ಅನ್ನಿಸುತ್ತದೆ.

ನಾರುಬೇರು:

ಕುಂಡದ ತೋಟದವರೇ, ನೀವು ಬರೆದಿರುವ ಎರಡು ಲಕ್ಷಣಗಳೂ ನನಗೆ ಚೆನ್ನಾಗಿ ಗೊತ್ತು. ನರಗಳ ನಡುವೆ ಹಳದಿ, ಅದೂ ಹಳೆಯ ಎಲೆಗಳಲ್ಲಿ: ಮೆಗ್ನೀಸಿಯಂ ಕೊರತೆ. ಕಾಯಿಯ ತಳ ಕಪ್ಪು: ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ. 19 ಆಲ್‌ನಲ್ಲಿ ಈ ಎರಡೂ ಇಲ್ಲ. ಆರ್‌ಓ ನೀರಿನಲ್ಲೂ ಇಲ್ಲ. ಹಾಗಾದರೆ ಗಿಡಕ್ಕೆ ಎಲ್ಲಿಂದ ಸಿಗಬೇಕು?

ಮಣ್ಣಿನಲ್ಲಾಗಿದ್ದರೆ ಮಣ್ಣೇ ಕೊಡುತ್ತಿತ್ತು. ಕೊಕೊಪೀಟ್ ಕೊಡುವುದಿಲ್ಲ ಅಷ್ಟೇ ಅಲ್ಲ, ನೀವು ಕೊಟ್ಟಿದ್ದನ್ನೂ ಮೊದಲು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಇದು ನನಗೆ ಅರ್ಥವಾಗಲು ಒಂದು ಇಡೀ ಬೆಳೆ ಹೋಯಿತು. ಎಂಟು ವರ್ಷದ ಹಿಂದೆ ಹನ್ನೆರಡು ದಪ್ಪ ಮೆಣಸಿನಕಾಯಿ ಗಿಡ ಹಾಕಿದ್ದೆ. ಬ್ಲಾಕಿನ ಮೇಲೆ 'ತೊಳೆದದ್ದು' ಎಂದು ಬರೆದಿತ್ತು, ಅದನ್ನೇ ನಂಬಿದೆ. ಎಲೆಗಳು ಮುದುಡಿದವು, ಕಾಯಿಗಳು ತಳದಲ್ಲಿ ಕೊಳೆತವು. ಉಳಿದಿದ್ದ ಒಂದು ಬ್ಲಾಕಿನ ತುಂಡನ್ನು ಆಮೇಲೆ ಶುದ್ಧ ನೀರಿನಲ್ಲಿ ನೆನೆಸಿ ಹಿಂಡಿ ಅಳೆದೆ. ಇಸಿ, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನ ಅಳತೆ, 2.8 ಇತ್ತು. ಗೊಬ್ಬರವನ್ನೇ ಹಾಕದ ಪೀಟ್ ಅದು!

ತೆಂಗಿನ ನಾರಿನಲ್ಲಿ ಮೊದಲಿನಿಂದಲೇ ಪೊಟ್ಯಾಸಿಯಂ ಮತ್ತು ಸೋಡಿಯಂ ಇರುತ್ತವೆ. ಉಪ್ಪು ಮಿಶ್ರಿತ ನೀರಿನಲ್ಲಿ ಸಿಪ್ಪೆ ಕೊಳೆಸಿದ್ದರೆ ಇನ್ನೂ ಜಾಸ್ತಿ. ನೀರಿನಲ್ಲಿ ಕರಗಿ ಸುಮ್ನೆ ನಿಂತಿರುವ ಉಪ್ಪು ತೊಳೆದರೆ ಹೋಗುತ್ತದೆ. ಆದರೆ ನಾರಿಗೆ ಅಂಟಿಕೊಂಡಿರುವ ಪೊಟ್ಯಾಸಿಯಂ ಮತ್ತು ಸೋಡಿಯಂ ಬರೀ ನೀರಿಗೆ ಬಿಡುವುದಿಲ್ಲ. ಕ್ಯಾಲ್ಸಿಯಂ ಬಂದು ಆ ಜಾಗದಲ್ಲಿ ಕೂತರೆ ಮಾತ್ರ ಅವು ಎದ್ದು ಹೋಗುತ್ತವೆ. ಅದಕ್ಕೇ ಸಸಿ ನೆಡುವ ಮೊದಲೇ ಪೀಟನ್ನು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಬೇಕು. ನಾನು ಲೀಟರಿಗೆ 2 ಗ್ರಾಂ ಕರಗಿಸಿ, 24 ಗಂಟೆ ಬಿಟ್ಟು, ಸೋಸಿ, ಮತ್ತೆ ಒಂದು ಸಲ ನೀರಿನಲ್ಲಿ ತೊಳೆಯುತ್ತೇನೆ. ಇದನ್ನೇ ಬಫರ್ ಮಾಡುವುದು ಅನ್ನುತ್ತಾರೆ. ಇದಾಗದ ಪೀಟಿಗೆ ನೀವು ಎಷ್ಟು ಒಳ್ಳೆಯ ಪೋಷಕಾಂಶ ಹಾಕಿದರೂ, ಅದರಲ್ಲಿರುವ ಕ್ಯಾಲ್ಸಿಯಂ ಮೊದಲ ಕೆಲವು ವಾರ ಬೇರಿಗೆ ಸಿಗದೆ ನಾರಿಗೇ ಹೋಗುತ್ತದೆ.

ಈಗ ನಿಮ್ಮ ಮೂರು ದಾರಿಗಳು. ಎರಡನೆಯದು ಬೇಡ. 19 ಆಲ್‌ನಲ್ಲಿರುವ ಸಾರಜನಕದಲ್ಲಿ ಯೂರಿಯಾ ರೂಪದ್ದೇ ಜಾಸ್ತಿ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬದಲಾಯಿಸಿ ಕೊಡುತ್ತವೆ, ಹೊಸ ಪೀಟಿನಲ್ಲಿ ಅಷ್ಟು ಜೀವಿಗಳೇ ಇರುವುದಿಲ್ಲ. ಯೂರಿಯಾ ಬದಲಾದರೆ ಮೊದಲು ಆಗುವುದು ಅಮೋನಿಯಂ, ಅದು ಕ್ಯಾಲ್ಸಿಯಂ ಒಳಗೆ ಹೋಗದಂತೆ ಅಡ್ಡ ನಿಲ್ಲುತ್ತದೆ. ಇನ್ನೊಂದು ವಿಷಯ, ಲೀಟರಿಗೆ 2 ಗ್ರಾಂ ಹಾಕಿದರೆ ರಂಜಕ ಸುಮಾರು 165 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಆಗುತ್ತದೆ. ಟೊಮೆಟೊಗೆ 50ರ ಹತ್ತಿರ ಸಾಕು.

ಎ-ಬಿ ಬಾಟಲಿ ಒಳ್ಳೆಯದು. ಹೆಸರು ನೋಡಬೇಡಿ, ಹಿಂದಿನ ಚೀಟಿ ಓದಿ. ಸಾರಜನಕದಲ್ಲಿ ಹೆಚ್ಚಿನ ಪಾಲು ನೈಟ್ರೇಟ್ ರೂಪದಲ್ಲಿರಬೇಕು. ಎ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರಬೇಕು. ಮೆಗ್ನೀಸಿಯಂ ಇರಲೇಬೇಕು. ಪೊಟ್ಯಾಸಿಯಂ ವಿಪರೀತ ಇದ್ದರೆ ಶುರುವಿನಲ್ಲಿ ಬೇಡ, ಪೀಟ್ ತಾನೇ ಅದನ್ನು ಬಿಡುತ್ತಿರುತ್ತದೆ. ಚೀಟಿಯಲ್ಲಿ ಪ್ರಮಾಣವನ್ನೇ ಬರೆಯದ ಬಾಟಲಿಯನ್ನು ನಾನಂತೂ ಮುಟ್ಟುವುದಿಲ್ಲ.

ಆದರೆ ನನ್ನನ್ನು ಕೇಳಿದರೆ ನೀವೇ ಬೆರೆಸಿ. ಭಯ ಬೇಡ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನಾನು ಒಂದು ಲೀಟರಿನ ಎರಡು ಬಾಟಲಿ ಮಾಡಿಟ್ಟುಕೊಳ್ಳುತ್ತೇನೆ.

ಎ ಬಾಟಲಿಗೆ ಕ್ಯಾಲ್ಸಿಯಂ ನೈಟ್ರೇಟ್ 100 ಗ್ರಾಂ, ಡಿಟಿಪಿಎ ರೂಪದ ಕಬ್ಬಿಣ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ರೂಪ, 11 ಶೇಕಡಾ ಇರುವುದು) 2 ಗ್ರಾಂ. ಬಿ ಬಾಟಲಿಗೆ 0-52-34 (ಮೋನೊ ಪೊಟ್ಯಾಸಿಯಂ ಫಾಸ್ಫೇಟ್) 25 ಗ್ರಾಂ, 13-0-45 (ಪೊಟ್ಯಾಸಿಯಂ ನೈಟ್ರೇಟ್) 40 ಗ್ರಾಂ, ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) 50 ಗ್ರಾಂ. ಬೋರಾನ್, ಸತು, ಮ್ಯಾಂಗನೀಸ್ ಎಲ್ಲ ಇರುವ ಲಘು ಪೋಷಕಾಂಶದ ಮಿಶ್ರಣವೂ ಬಿ ಬಾಟಲಿಗೇ, ಅದರ ಚೀಟಿಯಲ್ಲಿ ಹೇಳಿದಷ್ಟು. ಎರಡನ್ನೂ ನೀರು ಸೇರಿಸಿ ಒಂದೊಂದು ಲೀಟರ್ ಮಾಡಿ. ಕಾಯಿ ಕಚ್ಚುವ ಹೊತ್ತಿಗೆ ಒಂದು ಲೀಟರ್ ನೀರಿಗೆ ಎ 10 ಎಂಎಲ್, ಬಿ 10 ಎಂಎಲ್. ಸಸಿ ಹಂತದಲ್ಲಿ ಇದರ ಅರ್ಧ. ಪೂರ್ತಿ ಹಾಕಿದಾಗ ಸಾರಜನಕ 205, ರಂಜಕ 55, ಪೊಟ್ಯಾಸಿಯಂ 220, ಕ್ಯಾಲ್ಸಿಯಂ 190, ಮೆಗ್ನೀಸಿಯಂ 50 ಪಿಪಿಎಂ ಆಸುಪಾಸು ಬರುತ್ತದೆ. ಇಸಿ ಸುಮಾರು 2.2.

ಎ ಮತ್ತು ಬಿ ಗಟ್ಟಿ ದ್ರವಗಳನ್ನು ಯಾವತ್ತೂ ನೇರವಾಗಿ ಒಂದಕ್ಕೊಂದು ಸುರಿಯಬೇಡಿ. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಜಿಪ್ಸಮ್ ಆಗುತ್ತದೆ, ರಂಜಕದ ಜೊತೆಗೂ ಹೀಗೇ ಗಟ್ಟಿಯಾಗುತ್ತದೆ. ತಳದಲ್ಲಿ ಬಿಳಿ ಗಸಿ ಕೂತರೆ ಅದು ಗಿಡಕ್ಕೆ ಸಿಗದೆ ಹೋದ ಗೊಬ್ಬರ. ಮೊದಲು ಬಕೆಟ್ ತುಂಬ ನೀರು, ಆಮೇಲೆ ಎ, ಚೆನ್ನಾಗಿ ತಿರುವಿ, ಕೊನೆಗೆ ಬಿ.

ಎರೆಹುಳು ಗೆಳೆಯರೇ, ಮಣ್ಣಿನಲ್ಲಿ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಈ ಗಿಡ ಇವತ್ತು ಹಸಿದಿದೆ. ಎರೆಜಲದಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಅಂತ ಅಳೆದು ಹೇಳಲು ಆಗುವುದಿಲ್ಲ, ಸಲದಿಂದ ಸಲಕ್ಕೆ ಬದಲಾಗುತ್ತದೆ. 12 ಲೀಟರ್ ಪೀಟಿನಲ್ಲಿ ಕಾಯಿ ಬಿಡುವ ಟೊಮೆಟೊವನ್ನು ಅದೊಂದರ ಮೇಲೆ ಬಿಡಲು ನನಗೆ ಧೈರ್ಯವಿಲ್ಲ.

ಕುಂಡದ ತೋಟದವರೇ, ಒಂದು ಕೆಲಸ ಮಾಡಿ. ಕುಂಡಕ್ಕೆ ನೀರು ಹಾಕಿ ಕೆಳಗಿನಿಂದ ಬಂದದ್ದನ್ನು ಹಿಡಿದು ಇಸಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಎರಡೂ ಅಳೆದು ಇಲ್ಲಿ ಹಾಕಿ.

ಎರೆಹುಳು ಗೆಳೆಯ:

ಸರ್, ಅಳತೆಯ ಮಾತು ಒಪ್ಪುತ್ತೇನೆ. ನಾನು ಪೀಟಿಗೆ ಐದರಲ್ಲಿ ಒಂದು ಪಾಲು ಎರೆಗೊಬ್ಬರ ಮೊದಲೇ ಬೆರೆಸುತ್ತೇನೆ, ಸೊಪ್ಪು ಬೆಳೆಯುತ್ತೇನೆ. ಸೊಪ್ಪಿಗೆ ಅದು ಸಾಕಾಗುತ್ತದೆ. ಟೊಮೆಟೊ ಬರೀ ಪೀಟಿನಲ್ಲಿ ಬೆಳೆದಿಲ್ಲ.

ಕುಂಡದ ತೋಟ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಅಳೆದೆ. ಹಾಕುವ 19 ಆಲ್ ನೀರಿನ ಇಸಿ 1.0, ಅದಕ್ಕೇ ಕಡಿಮೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಕೆಳಗಿನಿಂದ ಬಂದದ್ದು 3.4, ಪಿಎಚ್ 5.2! ಆರು ಕುಂಡಗಳಲ್ಲೂ ಹೆಚ್ಚು ಕಡಿಮೆ ಹೀಗೇ. ಒಂದು ಮಾತು ಹೇಳಬೇಕು, ನೆಲ ಒದ್ದೆಯಾಗುತ್ತದೆ ಅಂತ ನಾನು ಯಾವತ್ತೂ ಕೆಳಗೆ ನೀರು ಬರುವಷ್ಟು ಹಾಕಿಲ್ಲ. ಮೇಲೆ ಒಣಗಿದ ಮೇಲೇ ಹಾಕುತ್ತಿದ್ದೆ.

ನಾರುಬೇರು:

ಈಗ ಎಲ್ಲ ಸ್ಪಷ್ಟವಾಯಿತು. ಯೂರಿಯಾ ನೀರಿನಲ್ಲಿ ಕರಗಿದರೂ ವಿದ್ಯುತ್ ಹರಿಸುವುದಿಲ್ಲ. ಅದಕ್ಕೇ ಇಸಿ ಮೀಟರ್‌ಗೆ ಅದು ಕಾಣುವುದಿಲ್ಲ, ನಿಮಗೆ 1.0 ತೋರಿಸಿದೆ. ಅದು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗುವಾಗ ಹುಳಿ ಬಿಡುತ್ತದೆ, ಪಿಎಚ್ ಇಳಿದಿದ್ದು ಹಾಗೆ. ಜೊತೆಗೆ ಪೀಟಿನದೇ ಉಪ್ಪು ಒಳಗೇ ಉಳಿದಿದೆ. ಪೀಟ್ ಒಣಗಿದಷ್ಟೂ ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ, ಬೇರು ನೀರು ಎಳೆಯಲು ಒದ್ದಾಡುತ್ತದೆ. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೆ ಹೋಗಬೇಕು. ನೀರು ಹೋಗದಿದ್ದರೆ ಅದೂ ಹೋಗುವುದಿಲ್ಲ.

ಮಾಡಬೇಕಾದ್ದು: ಎ-ಬಿ ಅರ್ಧ ಪ್ರಮಾಣದಲ್ಲಿ ಬೆರೆಸಿ, ಪಿಎಚ್ 5.8 ರಿಂದ 6.2ಕ್ಕೆ ತಂದು, ಒಂದು ಕುಂಡಕ್ಕೆ 18 ರಿಂದ 20 ಲೀಟರ್ ನಿಧಾನವಾಗಿ ಹಾಕಿ. ನಾಲ್ಕೈದು ಸಲಕ್ಕೆ ಹಂಚಿ. ಬರೀ ನೀರಿನಲ್ಲಿ ತೊಳೆದರೆ ಕ್ಯಾಲ್ಸಿಯಂ ಸಿಗುವುದಿಲ್ಲ, ಅದಕ್ಕೇ ಈ ದ್ರಾವಣ. ಕೆಳಗೆ ಬರುವುದು 1.5ರ ಹತ್ತಿರ ಬಂದಾಗ ನಿಲ್ಲಿಸಿ. ಒಂದು ವಾರ ಅರ್ಧ ಪ್ರಮಾಣ, ಆಮೇಲೆ ಪೂರ್ತಿ.

ಇನ್ನು ಮೇಲೆ ಪ್ರತಿ ಸಲವೂ ಪೋಷಕಾಂಶದ ನೀರೇ ಕೊಡಿ, ನಡುವೆ ಬರೀ ನೀರು ಬೇಡ. ಪ್ರತಿ ಸಲ ಹಾಕಿದ್ದರಲ್ಲಿ 10 ರಿಂದ 20 ಶೇಕಡಾ ಕೆಳಗೆ ಬರಲಿ. ಕುಂಡದ ಕೆಳಗೆ ತಟ್ಟೆ ಇಡಿ, ನಿಂತ ನೀರನ್ನು ಚೆಲ್ಲಿ. ಪೀಟ್ ಮೇಲೆ ಬಣ್ಣ ತಿಳಿಯಾಗುವವರೆಗೆ ಕಾಯಬೇಡಿ.

ಕಪ್ಪಾದ ನಾಲ್ಕು ಕಾಯಿ ಕಿತ್ತುಬಿಡಿ. ಅವು ಸರಿಯಾಗುವುದಿಲ್ಲ, ಗಿಡದ ಶಕ್ತಿ ಮುಂದಿನ ಗೊಂಚಲಿಗೆ ಹೋಗಲಿ. ಎಲೆಗೆ ಕ್ಯಾಲ್ಸಿಯಂ ಸಿಂಪಡಿಸಿ ಅಂತ ಯಾರಾದರೂ ಹೇಳಬಹುದು. ಎಲೆಗೆ ಬಿದ್ದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುತ್ತದೆ, ಅಲ್ಲಿಂದ ಕಾಯಿಗೆ ಹೋಗುವುದಿಲ್ಲ. ಬೇರಿನಿಂದಲೇ ಬರಬೇಕು.

ಗಡಸು ನೀರು:

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ಆರ್‌ಓ ಇಲ್ಲದವರೂ ಓದುತ್ತಾರೆ ಅಂತ ಬರೆಯುತ್ತಿದ್ದೇನೆ. ನನ್ನದು ಗಡಸು ನೀರು. ಪೋಷಕಾಂಶ ಹಾಕುವ ಮೊದಲೇ ಇಸಿ 0.9. ಅದರಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ ಬೈಕಾರ್ಬನೇಟ್ ಕೂಡ ಇದೆ. ದಿನ ಕಳೆದ ಹಾಗೆ ಪಿಎಚ್ ಮೇಲೇರಿ 7 ದಾಟುತ್ತಿತ್ತು. ನನಗೆ ಹಳದಿ ಕಂಡಿದ್ದು ಕೆಳಗಲ್ಲ, ತುದಿಯ ಚಿಗುರಿನಲ್ಲಿ. ಅದು ಕಬ್ಬಿಣದ್ದು. ಇಡಿಟಿಎ ಕಬ್ಬಿಣ ಹಾಕುತ್ತಿದ್ದೆ, ಅದು ಪಿಎಚ್ 6.5ರ ಮೇಲೆ ನಿಲ್ಲುವುದಿಲ್ಲ. ಡಿಟಿಪಿಎಗೆ ಬದಲಾಯಿಸಿದೆ. ನಿಂಬೆ ಉಪ್ಪಿನಲ್ಲಿ ಪಿಎಚ್ ಇಳಿಸಿ ನೋಡಿದೆ, ಎರಡು ದಿನಕ್ಕೆ ಮತ್ತೆ ಏರಿತು. ಈಗ ಫಾಸ್ಫರಿಕ್ ಆಸಿಡ್ ಹನಿ ಹನಿಯಾಗಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ.

ನಾರುಬೇರು:

ಒಳ್ಳೆಯ ಮಾತು ಸೇರಿಸಿದಿರಿ. ನಿಮ್ಮಂಥ ನೀರಿಗೆ ಅರ್ಧ ಆರ್‌ಓ ನೀರು ಬೆರೆಸಿದರೆ ಆಸಿಡ್ ಕಡಿಮೆ ಸಾಕು. ಫಾಸ್ಫರಿಕ್ ಹಾಕುವಾಗ ರಂಜಕ ಅಲ್ಲಿಂದಲೂ ಬರುತ್ತದೆ, 0-52-34 ಅಷ್ಟು ಕಡಿಮೆ ಮಾಡಿ.

ಕುಂಡದ ತೋಟ:

19 ದಿನದ ನಂತರ ಬರೆಯುತ್ತಿದ್ದೇನೆ. ಐದು ಕುಂಡಗಳಲ್ಲಿ ಕೆಳಗೆ ಬರುವ ಇಸಿ 2.3, ಪಿಎಚ್ 6.0. ಹಳದಿಯಾದ ಎಲೆಗಳು ಹಾಗೇ ಇವೆ, ಆದರೆ ಅವುಗಳ ಮೇಲಿನ ಎಲೆಗಳೆಲ್ಲ ಕಡು ಹಸಿರು. ಎರಡನೇ ಗೊಂಚಲಿನ ಕಾಯಿಗಳು ಗೋಲಿ ಗಾತ್ರ ದಾಟಿವೆ. ದಿನಾ ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತೇನೆ, ಎಲ್ಲದರ ತಳವೂ ಸ್ವಚ್ಛ. ಆರನೇ ಕುಂಡ ಮಾತ್ರ ಗಾಳಿ ಬಡಿಯುವ ಮೂಲೆಯಲ್ಲಿದೆ. ಅದರ ಇಸಿ 3.0, ಮಧ್ಯಾಹ್ನ ಎಲೆ ಜೋಲುತ್ತದೆ. ಗೊಬ್ಬರ ಬದಲಾಯಿಸಬೇಕಾ? ಪೊಟ್ಯಾಸಿಯಂ ಯಾವಾಗ ಜಾಸ್ತಿ ಮಾಡಲಿ?

ನಾರುಬೇರು:

ಓದಿ ತುಂಬಾ ಸಂತೋಷವಾಯಿತು. ಆರನೇ ಕುಂಡಕ್ಕೆ ಗೊಬ್ಬರ ಬದಲಾಯಿಸಬೇಡಿ. ಆ ಗಿಡ ನೀರು ಜಾಸ್ತಿ ಕುಡಿಯುತ್ತಿದೆ, ಉಪ್ಪು ಹಿಂದೆ ಉಳಿಯುತ್ತಿದೆ. ಅದಕ್ಕೆ ಮಾತ್ರ ಪ್ರಮಾಣ ಮುಕ್ಕಾಲು ಮಾಡಿ, ದಿನಕ್ಕೆ ಎರಡು ಸಲದ ಬದಲು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೂರನೇ ಗೊಂಚಲು ಕಾಯಿ ಕಚ್ಚಿದ ಮೇಲೆ ಲೀಟರಿಗೆ 0.2 ಗ್ರಾಂ 0-0-50 (ಪೊಟ್ಯಾಸಿಯಂ ಸಲ್ಫೇಟ್) ಸೇರಿಸಬಹುದು, ಬಕೆಟ್ಟಿಗೆ ಎ-ಬಿ ಬೆರೆಸಿದ ನಂತರ. ಇಸಿ ಸುಮಾರು 2.5 ಆಗುತ್ತದೆ. ಅಷ್ಟರಲ್ಲಿ ಆರನೇ ಕುಂಡ 2.5ರ ಕೆಳಗೆ ಬಂದಿರದಿದ್ದರೆ ಅದಕ್ಕೆ ಇನ್ನೂ ಹಾಕಬೇಡಿ.