ಒಂದು ಲ್ಯಾಪ್‌ಟಾಪಿಗೆ ಎರಡು ಮಾನಿಟರ್, ಕಡಿಮಿ ಖರ್ಚಿನ್ಯಾಗ ಹೆಂಗ?

ತೊಗರಿಕಣಜ (ಕಲಬುರಗಿ)

ನಮಸ್ಕಾರ್ರಿ. ನೆಹರು ಗಂಜಿನ ಅಡತ್ (ದಲ್ಲಾಳಿ) ಅಂಗಡಿ ಲೆಕ್ಕಪತ್ರದ ಕೆಲಸಕ್ಕ ಕೇಳ್ಲಿಕತ್ತೀನಿ. ಒಂದು ಸ್ಕ್ರೀನಿನ ಮ್ಯಾಲ ಟ್ಯಾಲಿ, ಇನ್ನೊಂದರ ಮ್ಯಾಲ ಜಿಎಸ್‌ಟಿ ಪೋರ್ಟಲ್, ಲ್ಯಾಪ್‌ಟಾಪಿನ ಮ್ಯಾಲ ಎಕ್ಸೆಲ್, ಮೂರೂ ಒಮ್ಮೆಲೆ ಕಾಣಬೇಕು.

ಲ್ಯಾಪ್‌ಟಾಪ್ ಐ5 ಎಂಟನೇ ಜನರೇಷನ್, ಗ್ರಾಫಿಕ್ಸ್ ಇಂಟೆಲ್ ಯುಎಚ್‌ಡಿ 620, ವಿಂಡೋಸ್ 11. ಎಚ್‌ಡಿಎಂಐ ಒಂದು, ಟೈಪ್-ಸಿ ಒಂದು, ನೀಲಿ ಯುಎಸ್‌ಬಿ (3.0) ಎರಡು. ಮಾನಿಟರ್ ಎರಡೂ ಕೈಯಾಗ ಅವ: 22 ಇಂಚಿನದಕ್ಕ ಎಚ್‌ಡಿಎಂಐ ಅದ, 19 ಇಂಚಿನ ಹಳೇದಕ್ಕ ವಿಜಿಎ, ಡಿವಿಐ ಅಷ್ಟೇ. ಎಚ್‌ಡಿಎಂಐ ಸ್ಪ್ಲಿಟರ್ ಒಂದು ಹಚ್ಚಿದ್ರ ಸಾಕು ಅಂತ ಅಂಗಡ್ಯಾಗ ಹೇಳ್ಯಾರ. ಖರೇ ಏನ್ರಿ? ಬಜೆಟ್ ಐದಾರು ಸಾವಿರ.

ಬಿದ್ರಿಕುಸುರಿ (ಬೀದರ್)

ಸ್ಪ್ಲಿಟರ್ ತಗೋಬ್ಯಾಡ್ರಿ. ಅದು ಒಂದೇ ಚಿತ್ರಾನ ಎರಡೂ ಕಡಿ ತೋರಸ್ತದ. ಟ್ಯಾಲಿ ಇದ್ರ ಎರಡರ ಮ್ಯಾಲೂ ಟ್ಯಾಲಿನೇ. ಮದುವಿ ಹಾಲಿನ್ಯಾಗ ಎರಡು ಟಿವಿಗೆ ಒಂದೇ ವಿಡಿಯೊ ಬಿಡ್ಲಿಕ್ಕ ಅದು ಸರಿ, ನಿಮ್ಮ ಕೆಲಸಕ್ಕ ಅಲ್ಲ.

ಯುಎಚ್‌ಡಿ 620 ಒಟ್ಟು ಮೂರು ಡಿಸ್‌ಪ್ಲೇ ನಡಸ್ತದ, ಲ್ಯಾಪ್‌ಟಾಪಿನ ಸ್ಕ್ರೀನೂ ಸೇರಿ. ಅಂದ್ರ ನಿಮಗ ಬೇಕಾದಷ್ಟು ಜೀವ ಅದಕ್ಕ ಅದ. 22 ಇಂಚಿಂದು ನೇರ ಎಚ್‌ಡಿಎಂಐಗೆ ಹಚ್ಚಿಬಿಡ್ರಿ. ಉಳಿದಿದ್ದು ಎರಡನೇದ್ದು. ಅದು ನಿಮ್ಮ ಟೈಪ್-ಸಿ ಎಂಥಾದ್ದು ಅನ್ನೋದರ ಮ್ಯಾಲ ನಿಂತದ.

ಎಲ್ಲಾ ಟೈಪ್-ಸಿಯಿಂದ ವಿಡಿಯೊ ಬರೂದಿಲ್ಲ. ಗ್ರಾಫಿಕ್ಸಿನಿಂದ ಆ ಪೋರ್ಟಿನ ತನಕ ಕಂಪನಿಯವರು ಬೋರ್ಡಿನ ಮ್ಯಾಲೇ ಲೈನ್ ಎಳದಿರಬೇಕು. ಎಳದಿಲ್ಲ ಅಂದ್ರ ಎಂಥಾ ದುಬಾರಿ ಅಡಾಪ್ಟರ್ ಹಚ್ಚಿದ್ರೂ ಸ್ಕ್ರೀನ್ ಕರ್ರಗೇ. ಪೋರ್ಟಿನ ಬಾಜು ಡಿಸ್‌ಪ್ಲೇಪೋರ್ಟಿನ ಡಿ-ಪಿ ಗುರುತು ಅಥವಾ ಬಾಣದಂಥ ಥಂಡರ್‌ಬೋಲ್ಟ್ ಮಿಂಚು ಇದ್ರ ವಿಡಿಯೊ ಬರ್ತದ. ಬರೇ ಎಸ್ಎಸ್ (ಡೇಟಾ ವೇಗದ ಗುರುತು) ಅಂತ ಇದ್ರ ಅದನ್ನ ನಂಬಬ್ಯಾಡ್ರಿ. ತಳದಾಗಿನ ಪೂರಾ ಮಾಡೆಲ್ ನಂಬರ್ ಹಾಕಿ ಕಂಪನಿಯ ಸ್ಪೆಸಿಫಿಕೇಷನ್ ಪುಟದಾಗ ‘ಡಿಸ್‌ಪ್ಲೇಪೋರ್ಟ್’ ಅನ್ನೋ ಮಾತು ಟೈಪ್-ಸಿ ಸಾಲಿನ್ಯಾಗ ಅದ ಏನು ನೋಡ್ರಿ. ಒಂದೇ ಸೀರೀಸಿನ ಎರಡು ಮಾಡೆಲಿನ್ಯಾಗೂ ಫರಕ್ ಇರ್ತದ.

ಆ ಮಾತು ಅಲ್ಲಿ ಇತ್ತಂದ್ರ ಟೈಪ್-ಸಿಯಿಂದ ಎಚ್‌ಡಿಎಂಐ ಸಾದಾ ಅಡಾಪ್ಟರ್ ಸಾಕು, ಸಾವಿರದ ಆಜೂಬಾಜು, ಡ್ರೈವರ್ ಗೀವರ್ ಏನೂ ಬ್ಯಾಡ. ಹಳೇ ಮಾನಿಟರಿಗೆ ವಿಜಿಎ ಬಿಟ್ಟು ಡಿವಿಐ ಬಳಸ್ರಿ. ಎಚ್‌ಡಿಎಂಐಯಿಂದ ಡಿವಿಐ-ಡಿ ಕೇಬಲ್ ಬರೇ ತಂತಿ, ಎರಡೂ ಡಿಜಿಟಲ್. ವಿಜಿಎಗೆ ಆದ್ರ ಚಿಪ್ ಇರೋ ಕನ್ವರ್ಟರ್ ಬೇಕು, ಮ್ಯಾಲ ಟ್ಯಾಲಿಯ ಸಣ್ಣ ಅಂಕಿ ಮಬ್ಬು ಕಾಣ್ತಾವ.

ತೊಗರಿಕಣಜ

ಥ್ಯಾಂಕ್ಸ್ ರೀ. ಸ್ಪೆಸಿಫಿಕೇಷನ್ ನೋಡಿದೆ: ಟೈಪ್-ಸಿ ‘ಡೇಟಾ ಮಾತ್ರ’ ಅಂತ ಬರದಾರ. ಇನ್ನ ದಾರಿ ಇಲ್ಲೇನು?

ಭೀಮಾತೀರ (ಯಾದಗಿರಿ)

ದಾರಿ ಇದೆ, ಆದರೆ ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಯುಎಸ್‌ಬಿ 3.0ರಿಂದ ಎಚ್‌ಡಿಎಂಐ ಕೊಡುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್. ಇದು ಗ್ರಾಫಿಕ್ಸಿನ ಲೈನನ್ನು ಬಳಸುವುದಿಲ್ಲ. ಲ್ಯಾಪ್‌ಟಾಪಿನ ಡ್ರೈವರ್ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತದೆ, ಅಡಾಪ್ಟರಿನ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಹಾಗಾಗಿ ಪ್ರೊಸೆಸರ್ ಮೇಲೆ ಸ್ವಲ್ಪ ಹೊರೆ ಬೀಳುತ್ತದೆ. ಟ್ಯಾಲಿ, ಪೋರ್ಟಲ್, ಎಕ್ಸೆಲ್ಲಿಗೆ ಗೊತ್ತೂ ಆಗುವುದಿಲ್ಲ. ಗೇಮಿಗೆ ಇದು ಬೇಡ. ನೆಟ್‌ಫ್ಲಿಕ್ಸಿನಂಥ ಕಾಪಿ ರಕ್ಷಣೆ ಇರುವ ವಿಡಿಯೊ ಆ ಸ್ಕ್ರೀನಿನಲ್ಲಿ ಕಪ್ಪಾಗಿ ಕಾಣಬಹುದು.

ಕೊಳ್ಳುವಾಗ ಎಚ್ಚರ ಬೇಕಾದದ್ದು ಇಲ್ಲಿಯೇ. ಡಬ್ಬದ ಮೇಲೆ ‘ಎಚ್‌ಡಿಎಂಐ ಟು ಯುಎಸ್‌ಬಿ’ ಎಂದಿದ್ದರೆ ಅದು ವಿಡಿಯೊ ಕ್ಯಾಪ್ಚರ್ ಕಾರ್ಡ್: ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ, ಹೊರಗೆ ಕೊಡುವುದಿಲ್ಲ. ನೋಡಲು ಎರಡೂ ಒಂದೇ ಥರ, ಬೆಲೆಯೂ ತೀರಾ ಅಗ್ಗ, ಆದ್ದರಿಂದ ಬಹಳ ಜನ ಅದನ್ನೇ ತಂದುಬಿಡುತ್ತಾರೆ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಬರೀ ತಂತಿಯೂ ಕೆಲಸಕ್ಕೆ ಬಾರದು. ಡಿಸ್‌ಪ್ಲೇಲಿಂಕ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಅಗ್ಗದ ಬೇರೆ ಚಿಪ್ಪಿನವೂ ಸಿಗುತ್ತವೆ, ಆದರೆ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಅವಕ್ಕೆ ಹೊಸ ಡ್ರೈವರ್ ಹುಡುಕುವುದೇ ಕಷ್ಟ.

ಮೊದಲು ಆ ಚಿಪ್ಪಿನ ಕಂಪನಿ ಸಿನಾಪ್ಟಿಕ್ಸ್ ವೆಬ್‌ಸೈಟಿನಿಂದ ಡಿಸ್‌ಪ್ಲೇಲಿಂಕ್ ಡ್ರೈವರ್ ಇಳಿಸಿ ಹಾಕಿ, ರೀಸ್ಟಾರ್ಟ್ ಮಾಡಿ, ಆಮೇಲೆ ಅಡಾಪ್ಟರನ್ನು ನೀಲಿ ಪೋರ್ಟಿಗೇ ನೇರವಾಗಿ ಹಚ್ಚಿ. ಕಪ್ಪು ಯುಎಸ್‌ಬಿ 2.0ಗೆ ಹಚ್ಚಿದರೆ ಮೌಸ್ ಬಾಣ ತಡವರಿಸುತ್ತದೆ. ನಂತರ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ‘ಐಡೆಂಟಿಫೈ’ ಒತ್ತಿದರೆ ಪ್ರತಿ ಸ್ಕ್ರೀನಿನ ಮೇಲೆ ಅದರ ಸಂಖ್ಯೆ ಬರುತ್ತದೆ. ಮೇಜಿನ ಮೇಲೆ ಇಟ್ಟ ಕ್ರಮದಲ್ಲೇ ಚೌಕಗಳನ್ನು ಎಳೆದಿಡಿ. 19 ಇಂಚಿನದು ಅಗಲದ್ದಾದರೆ ಸಾಮಾನ್ಯವಾಗಿ 1440×900, ಚೌಕದ್ದಾದರೆ 1280×1024. ಬೇರೆ ರೆಸಲ್ಯೂಷನ್ ಇಟ್ಟರೆ ಅಕ್ಷರ ಹಿಗ್ಗಿ ಕಾಣುತ್ತವೆ.

ಬಿದ್ರಿಕುಸುರಿ

ಭೀಮಾತೀರ ಅವರು ಹೇಳಿದ್ದು ಸರಿ. ಕರೆಂಟಿನ ಮಾತೊಂದು ಸೇರಸ್ತೀನಿ. ಲ್ಯಾಪ್‌ಟಾಪ್, ಎರಡೂ ಮಾನಿಟರ್ ಒಂದೇ ಮೂರು-ಪಿನ್ ಬೋರ್ಡಿಗೆ ಹಚ್ಚರಿ, ಅದಕ್ಕ ಅರ್ಥಿಂಗ್ ಖರೇನ ಅದ ಅಂತ ಎಲೆಕ್ಟ್ರಿಷಿಯನ್ ಕಡಿಂದ ಚೆಕ್ ಮಾಡಸ್ರಿ. ಹಳೇ ಬಿಲ್ಡಿಂಗಿನ್ಯಾಗ ಮೂರನೇ ಪಿನ್ನಿಗೆ ತಂತಿನೇ ಇರೂದಿಲ್ಲ. ಆಗ ಮಾನಿಟರಿನ ಕಬ್ಬಿಣದ ಭಾಗ ಮುಟ್ಟಿದ್ರ ಜುಮ್ ಅಂತದ, ಅದೇ ಕರೆಂಟ್ ಕೇಬಲ್ ಹಚ್ಚೋ ಹೊತ್ತಿಗೆ ಎಚ್‌ಡಿಎಂಐ ಪೋರ್ಟ್ ಸುಟ್ಟುಬಿಡ್ತದ. ಅದಕ್ಕ ಕೇಬಲ್ ಮೊದಲು, ಸ್ವಿಚ್ ಆಮ್ಯಾಲ.

ಇಷ್ಟು ಸೈಜಿನ ಎಲ್‌ಇಡಿ ಮಾನಿಟರ್ ಒಂದೊಂದು 20-25 ವಾಟ್, ಲ್ಯಾಪ್‌ಟಾಪ್ ಚಾರ್ಜರ್ 65. 600 ವಿಎ ಯುಪಿಎಸ್ ಧಾರಾಳ ಆತು. ಲೇಸರ್ ಪ್ರಿಂಟರ್ ಮಾತ್ರ ಅದಕ್ಕ ಹಚ್ಚಬ್ಯಾಡ್ರಿ. ಕಾಗದ ಬಿಸಿ ಮಾಡೋ ಹೊತ್ತಿಗೆ ಅದೊಂದೇ ನೂರಾರು ವಾಟ್ ಎಳೀತದ, ಯುಪಿಎಸ್ ಕೀಂಯ್ ಅಂತ ಬಂದ್ ಆಗ್ತದ.

ತೊಗರಿಕಣಜ

ತಿಳೀತ್ರಿ. ಕಡೀ ಪ್ರಶ್ನೆ: ಅಡಾಪ್ಟರ್, ಪೆನ್‌ಡ್ರೈವ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಎಲ್ಲಾ ಒಂದೇ ಯುಎಸ್‌ಬಿ ಹಬ್ಬಿಗೆ ಹಚ್ಚಿದ್ರ ನಡೀತದ ಏನ್ರಿ?

ಭೀಮಾತೀರ

ಅಡಾಪ್ಟರಿಗೆ ಒಂದು ನೀಲಿ ಪೋರ್ಟ್ ಪೂರ್ತಿ ಬಿಟ್ಟುಕೊಡಿ. ಅದೇ ಹಬ್ಬಿನಲ್ಲಿ ದೊಡ್ಡ ಫೈಲ್ ಕಾಪಿ ಆಗುವಾಗ ಸ್ಕ್ರೀನ್ ಮಿನುಗುತ್ತದೆ. ಟೋಕನ್, ಪೆನ್‌ಡ್ರೈವ್ ಇನ್ನೊಂದು ನೀಲಿ ಪೋರ್ಟಿನ ಹಬ್ಬಿನಲ್ಲಿರಲಿ; ಮೌಸಿಗೆ ಡೇಟಾ ಮಾತ್ರದ ಆ ಟೈಪ್-ಸಿ ಸಾಕು, ಟೈಪ್-ಸಿಯನ್ನು ಸಾದಾ ಯುಎಸ್‌ಬಿ ಮಾಡುವ ಒಂದು ಸಣ್ಣ ಒಟಿಜಿ ಅಡಾಪ್ಟರ್ ಹಾಕಿದರಾಯಿತು.