ಓದುಗರ ಸ್ಪಂದನ: ‘ನನ್ನದು ಅಂತ ಒಂದು ಮೂಲೆ ಬೇಕು’

ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿ ಐದು ಜನರ ನಡುವೆ ಒಬ್ಬಳೇ ಕೂರಲು ಜಾಗವಿಲ್ಲ, ತವರಿಗೆ ಹೋದರೂ ನೆಂಟಳಂತೆ ಅನಿಸುತ್ತದೆ ಎಂದು ಶಿರಸಿ ಕಡೆಯ ಓದುಗಿಯೊಬ್ಬರು ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು:

ತಂಗೀ, ನಮ್ಮ ಕಡೆ ಹಳೇ ಮನೆಗಳಲ್ಲಿ ಜಗುಲಿ ಗಂಡಸರದ್ದು, ಬಂದುಹೋಗುವವರದ್ದು. ಹೆಂಗಸರಿಗೆ ಅಂತ ಯಾರೂ ಕೋಣೆ ಕಟ್ಟಿಸಿರಲಿಲ್ಲ. ಆದರೆ ಹಿತ್ತಲಿತ್ತು, ಕೊಟ್ಟಿಗೆಯಿತ್ತು. ಬಚ್ಚಲ ಒಲೆಗೆ ಸೌದೆ ನೂಕುತ್ತಾ ಕೂತರೆ ಯಾರೂ ಕರೆಯುತ್ತಿರಲಿಲ್ಲ. ಅಮ್ಮ ಅಲ್ಲಿ ಎಷ್ಟು ಹೊತ್ತು ಕೂತಿರುತ್ತಿದ್ದಳು! ನೀರು ಯಾವಾಗಲೋ ಕಾದಿರುತ್ತಿತ್ತು. ಫ್ಲ್ಯಾಟಿನಲ್ಲಿ ಆ ನೆಪಗಳೆಲ್ಲ ಹೋದವು. ಎಲ್ಲಿ ಕೂತರೂ ಎಲ್ಲರ ಕಣ್ಣಿಗೆ ಬೀಳುತ್ತೀರಿ. ಅದಕ್ಕೇ ಈಗ ಬಾಯಿಬಿಟ್ಟು ಹೇಳಬೇಕು: ‘ಸಂಜೆ ಏಳರಿಂದ ಎಂಟು ನನ್ನನ್ನು ಕರೆಯಬೇಡಿ.’ ಮೊದಲ ವಾರ ಸಾಕ್ಸ್ ಎಲ್ಲಿ, ಚಾರ್ಜರ್ ಎಲ್ಲಿ ಅಂತ ಕೂಗುತ್ತಾರೆ. ಓಗೊಡಬೇಡಿ.
– ನಿವೃತ್ತ ಶಿಕ್ಷಕಿ, ಸಾಗರ

ಮನೆಯಲ್ಲೇ ಸಿಗಬೇಕು ಅಂತ ಯಾಕೆ ಹಟ? ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಜನ ಪುಸ್ತಕ ಹಿಡಿದು ಬರುತ್ತಾರೆ. ಚಾಪೆ ಹಾಸಿ ತಮ್ಮ ಪಾಡಿಗೆ ತಾವು ಓದುತ್ತಾರೆ, ಅಷ್ಟೇ. ಲಾಲ್‌ಬಾಗ್ ಹತ್ತಿರವಾದರೆ ಬಂಡೆ ಹತ್ತಿ ಕೂರಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲದು, ನಿಮ್ಮ ಓನರ್‌ಗಿಂತ ತಾಳ್ಮೆ ಜಾಸ್ತಿ. ಭಾನುವಾರ ಸಂಜೆ ಮಾತ್ರ ಬೇಡ, ಜಾತ್ರೆ.
– ಓದುಗ, ಜಯನಗರ

ನಿಮ್ಮ ಮನಸ್ಸನ್ನೇ ದೂರಬೇಡಿ. ವರ್ಷ ದಾಟಿದರೆ ಕರಾರು ನೋಂದಣಿ ಮಾಡಿಸಬೇಕಾಗುತ್ತದೆ ಅಂತ ಓನರ್‌ಗಳು 11 ತಿಂಗಳಿಗೇ ಬರೆಸುತ್ತಾರೆ. ಯಾವಾಗ ಖಾಲಿ ಮಾಡಿ ಅಂತಾರೋ ಎಂದುಕೊಂಡೇ ಇದ್ದರೆ ಗೋಡೆಗೆ ಮೊಳೆ ಹೊಡೆಯಲೂ ಕೈ ಬರುವುದಿಲ್ಲ, ಅಲ್ವಾ? ನಾವೂ ಮನೆ ಬದಲಿಸುತ್ತಲೇ ಇದ್ದೇವೆ. ಕರಿಬೇವಿನ ಕುಂಡ ಮಾತ್ರ ಪ್ರತಿ ಸಲ ನಮ್ಮ ಜೊತೆ ಟೆಂಪೋ ಹತ್ತುತ್ತದೆ. ಹೊಸ ಮನೆಯಲ್ಲಿ ಅದರ ಒಗ್ಗರಣೆ ವಾಸನೆ ಬಂದ ಮೇಲೆಯೇ ನಮ್ಮವರು ಚಪ್ಪಲಿ ಸರಿಯಾಗಿ ಜೋಡಿಸಿಡುವುದು.
– ಕನ್ನಡತಿ, ಪುಣೆ

ಐದು ಜನರಲ್ಲಿ ಅತ್ತೆಯೂ ಒಬ್ಬರಿರಬೇಕು. ನಾನೂ ಅಂಥ ಅತ್ತೆಯೇ. ಮೊದಲು ಎಲ್ಲರೂ ಆಫೀಸಿಗೆ ಹೋದ ಮೇಲೆ ಮನೆ ನನ್ನದಾಗುತ್ತಿತ್ತು. ಈಗ ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆ. ರೇಡಿಯೋ ಹಾಕಿದರೆ ‘ಅಮ್ಮಾ, ಮೀಟಿಂಗು’ ಅಂತಾನೆ. ಸುಮ್ನೆ ಒಮ್ಮೆ ನಿಮ್ಮ ಅತ್ತೆಯನ್ನೂ ಕೇಳಿ ನೋಡಿ. ಅವರಿಗೂ ಒಂದು ಗಂಟೆ ಬೇಕಾಗಿರಬಹುದು.
– ಓದುಗಿ, ದಾವಣಗೆರೆ