ಸಂಶೋಧನಾ ಪೇಪರ್‌ಗಳು ರಾಶಿ ಇವೆ, ತಲೆಯಲ್ಲಿ ಉಳಿದಿಲ್ಲ. ನೀವು ಹೇಗೆ ಓದುತ್ತೀರಿ?

ಪ್ರಶ್ನೆ

ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ದ್ವಿದಳ ಧಾನ್ಯದ ಗಿಡಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ನನ್ನ ವಿಷಯ. ಲ್ಯಾಪ್‌ಟಾಪಿನಲ್ಲಿ 312 ಪಿಡಿಎಫ್ ಇವೆ. ಮೊನ್ನೆ ಗೈಡ್ ಒಂದು ಪೇಪರ್ ತೋರಿಸಿ, "ಇವರು ಸಾರಜನಕವನ್ನು ಅಳೆದದ್ದು ಹೇಗೆ?" ಎಂದು ಕೇಳಿದರು. ಅದನ್ನು ನಾನೇ ಎರಡು ಕಡೆ ಉಲ್ಲೇಖಿಸಿದ್ದೆ. ಆದರೂ ಉತ್ತರ ಬರಲಿಲ್ಲ. ಅಬ್‌ಸ್ಟ್ರಾಕ್ಟ್ (ಆರಂಭದ ಸಾರಾಂಶ) ಓದಿ, ಕಂಟ್ರೋಲ್ ಎಫ್ ಒತ್ತಿ ಪದ ಹುಡುಕಿ, ಬೇಕಾದ ಸಾಲನ್ನಷ್ಟೇ ಎತ್ತಿಕೊಂಡು ಮುಂದಿನ ಪೇಪರಿಗೆ ಹೋಗಿದ್ದೆ.

ಕಣ್ಣೆದುರು ಇರುವಾಗ ಎಲ್ಲ ಗೊತ್ತು ಅನ್ನಿಸುತ್ತದೆ. ಮುಚ್ಚಿದರೆ ಏನೂ ಇಲ್ಲ. ತುಂಬಾ ಭಯವಾಗಿದೆ. ಇಂಟರ್ನೆಟ್ ಬಿಟ್ಟು ಕೆಲಸ ಆಗುವುದಿಲ್ಲ. ಓದುವ ರೀತಿ ಬದಲಾಯಿಸಿಕೊಂಡವರಿದ್ದರೆ ಹೇಳಿ.

ಉತ್ತರ 1

ನಿಮ್ಮೊಬ್ಬರ ಪಾಡಲ್ಲ ಇದು. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮನಶ್ಶಾಸ್ತ್ರಜ್ಞೆ ಬೆಟ್ಸಿ ಸ್ಪಾರೋ ಮತ್ತು ಜೊತೆಗಾರರ ಪ್ರಯೋಗಗಳು ಬಂದಿದ್ದವು. ಮಾಹಿತಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ ಎಂದು ನಂಬಿದವರಿಗೆ, ವಿಷಯಕ್ಕಿಂತ ಅದು ಯಾವ ಫೋಲ್ಡರಿನಲ್ಲಿದೆ ಎಂಬುದೇ ಜಾಸ್ತಿ ನೆನಪಿತ್ತು. ಅದರಲ್ಲೇ ಇನ್ನೊಂದು ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಈ ಮಾತು 2018ರಲ್ಲಿ ಪ್ರಕಟವಾಯಿತು. ಹಾಗಾಗಿ ನೆಟ್ಟಿನಿಂದ ಮೆದುಳೇ ಕೆಟ್ಟಿತು ಎಂದು ಹೆದರಬೇಡಿ.

ಉತ್ತರ 2

ನಾನು ಮಾಡುವುದು ಇಷ್ಟೇ. ಪೇಪರ್ ಓದಿದ ಮೇಲೆ ಸ್ಕ್ರೀನ್ ಮುಚ್ಚುತ್ತೇನೆ. ಖಾಲಿ ಹಾಳೆಯಲ್ಲಿ, ಏನು ಕೇಳಿದರು, ಏನನ್ನು ಅಳೆದರು, ಹೇಗೆ ಅಳೆದರು ಎಂದು ನೆನಪಿನಿಂದ ಬರೆಯುತ್ತೇನೆ. ಸಿಕ್ಕಿಬಿದ್ದ ಕಡೆ ಮಾತ್ರ ಮತ್ತೆ ತೆರೆಯುತ್ತೇನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ ಎರಡೆರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಕೇಳಿದಾಗ, ಒಮ್ಮೆ ಓದಿ ನೆನಪು ಮಾಡಿಕೊಂಡು ಬರೆದವರು ಮುಂದೆ ಹೋಗಿದ್ದರು. ನಮಗೆ ಬೇಕಾದ್ದು ವಾರದ ನಂತರದ ನೆನಪು, ಅಲ್ವಾ? ಮೊದಲು ಗೈಡ್ ಕೇಳಿದ ಆ ಪೇಪರಿನಿಂದಲೇ ಶುರು ಮಾಡಿ.

ಪ್ರಶ್ನೆ ಕೇಳಿದವರು

ಮಾಡಿದೆ. ಒಂದೇ ಪೇಪರಿಗೆ ಎರಡೂವರೆ ಗಂಟೆ ಹಿಡಿಯಿತು. "ಹೇಗೆ ಅಳೆದರು" ಎಂಬಲ್ಲಿ ನಿಂತುಬಿಟ್ಟೆ. ತೆರೆದು ನೋಡಿದರೆ, ಅವರು ಸಾರಜನಕವನ್ನು ನೇರವಾಗಿ ಅಳೆದೇ ಇಲ್ಲ! ಬೇರುಗಂಟುಗಳಿಗೆ ಅಸಿಟಿಲೀನ್ ಕೊಟ್ಟು, ಅದರಿಂದ ಎಷ್ಟು ಎಥಿಲೀನ್ ಆಯಿತು ಎಂದು ನೋಡಿದ್ದಾರೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಸಿಗುವಂತೆ ಮಾಡುವ ಬ್ಯಾಕ್ಟೀರಿಯಾದ ಕಿಣ್ವ ಎಷ್ಟು ಚುರುಕಾಗಿದೆ ಎಂಬುದು ಅದರಿಂದ ತಿಳಿಯುತ್ತದೆ. ನಾನೋ "ಇಷ್ಟು ಸಾರಜನಕ ಮಣ್ಣಿಗೆ ಸೇರಿತು" ಎಂದು ಬರೆದಿದ್ದೆ. ಗೈಡ್ ಯಾಕೆ ಕೇಳಿದರು ಎಂದು ಈಗ ಗೊತ್ತಾಯಿತು. ಎರಡೂ ಸಾಲು ಅಳಿಸಿದ್ದೇನೆ. ನಾಳೆ ಅವರಿಗೆ ಹೇಳುತ್ತೇನೆ.